‘ಫೈಲ್ ಇಲ್ಲ’ ಎಂದು ಎರರ್ ಬಂದರೆ ಫೋನ್ ರೂಟ್ ಮಾಡಬೇಕೇ?

“ಮೊಬೈಲ್‌ನಲ್ಲಿ ಸಾಫ್ಟ್‌ವೇರ್ ಬಿಲ್ಡ್ ಮಾಡುವಾಗ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಥವಾ ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಫೋನ್ ರೂಟ್ ಮಾಡಿ, ಎಲ್ಲಾ ಸರಿಹೋಗುತ್ತದೆ.” ಇಂಥ ಸಲಹೆ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಸಾಮಾನ್ಯವಾಗಿ ತೊಂದರೆ ಇರುವುದು ಫೋನಿನಲ್ಲಲ್ಲ, ಫೈಲಿನ ವಿಳಾಸದಲ್ಲಿ.

ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಮೂಲ ಕೋಡನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಆ ಕೋಡ್‌ನಿಂದ ಬಳಸಲು ಸಿದ್ಧವಾದ ಪ್ರೋಗ್ರಾಂ ತಯಾರಿಸುವುದೇ ಬಿಲ್ಡ್. ಲ್ಯಾಪ್‌ಟಾಪ್ ಇಲ್ಲದವರೂ ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಬಳಸಿ ಇದನ್ನು ಮಾಡಬಹುದು. ಈ ಕೆಲಸದಲ್ಲಿ ಹತ್ತಾರು ಫೈಲ್‌ಗಳನ್ನು ಹುಡುಕಬೇಕಾಗುತ್ತದೆ. ಪ್ರತಿ ಫೈಲಿಗೂ ಒಂದು ವಿಳಾಸ ಇರುತ್ತದೆ. ಅದೇ ಪಾತ್. ಅದರಲ್ಲಿ ಒಂದಕ್ಷರ ತಪ್ಪಿದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ.

ಹಾಗಾದರೆ ಎಲ್ಲಿ ತಪ್ಪುತ್ತದೆ?

1. ಡೌನ್‌ಲೋಡ್ ಫೋಲ್ಡರ್‌ನಲ್ಲೇ ಬಿಲ್ಡ್ ಮಾಡುವುದು: ಫೋಟೊ, ವಿಡಿಯೊ ಇರುವ ಸ್ಟೋರೇಜ್‌ನಿಂದ ನೇರವಾಗಿ ಪ್ರೋಗ್ರಾಂ ಓಡಿಸಲು ಆಂಡ್ರಾಯ್ಡ್ ಬಿಡುವುದಿಲ್ಲ. ಇದು ಸುರಕ್ಷತೆಯ ಏರ್ಪಾಡು. ಅಲ್ಲಿ ಸಿಎಚ್‌ಮಾಡ್ 777 ಎಂದು ಎಷ್ಟು ಸಲ ಟೈಪ್ ಮಾಡಿದರೂ ಫಲವಿಲ್ಲ. ಜಿಪ್ ಅಥವಾ ಟಾರ್ ಫೈಲನ್ನು ಟರ್ಮಕ್ಸ್‌ನ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ, ಅಲ್ಲೇ ಬಿಚ್ಚಿ.

2. ಲಿನಕ್ಸ್ ಕಂಪ್ಯೂಟರ್‌ನ ವಿಳಾಸ: ಸ್ಕ್ರಿಪ್ಟ್ ಕಣ್ಣೆದುರೇ ಇದ್ದರೂ ‘ಇಲ್ಲ’ ಎಂದು ಬರಬಹುದು. ಇಲ್ಲದಿರುವುದು ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಹೇಳಿರುವ ಪ್ರೋಗ್ರಾಂ. ಹಲವು ಸ್ಕ್ರಿಪ್ಟ್‌ಗಳು ಅದನ್ನು ‘/ಯುಎಸ್‌ಆರ್/ಬಿನ್’ನಲ್ಲಿ ಹುಡುಕುತ್ತವೆ. ಟರ್ಮಕ್ಸ್‌ನಲ್ಲಿ ಅದು ಇರುವುದು ‘/ಡೇಟಾ/ಡೇಟಾ/ಕಾಮ್.ಟರ್ಮಕ್ಸ್/ಫೈಲ್ಸ್/ಯುಎಸ್‌ಆರ್/ಬಿನ್’ನಲ್ಲಿ. ‘ಟರ್ಮಕ್ಸ್-ಫಿಕ್ಸ್-ಶಿಬ್ಯಾಂಗ್’ ಎಂಬ ಕಮಾಂಡ್ ಆ ಸಾಲನ್ನು ತಿದ್ದುತ್ತದೆ.

3. ಹೆಸರಿನ ನಡುವೆ ಸ್ಪೇಸ್: ಬಿಲ್ಡ್‌ಗೆ ಬಳಸುವ ‘ಮೇಕ್’ ಸ್ಪೇಸ್ ಕಂಡಲ್ಲಿ ಹೆಸರನ್ನು ತುಂಡರಿಸುತ್ತದೆ. ‘ನನ್ನ ಕೋಡ್’ ಎಂಬ ಒಂದು ಫೋಲ್ಡರ್ ಅದಕ್ಕೆ ಎರಡಾಗಿ ಕಾಣುತ್ತದೆ. ಒಂದೇ ಪದದ ಇಂಗ್ಲಿಷ್ ಹೆಸರಿಡಿ.

4. ದೊಡ್ಡಕ್ಷರ, ಸಣ್ಣಕ್ಷರ: ವಿಂಡೋಸ್ ಸಾಮಾನ್ಯವಾಗಿ ಇವೆರಡಕ್ಕೂ ವ್ಯತ್ಯಾಸ ಮಾಡುವುದಿಲ್ಲ. ಟರ್ಮಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿ ಅವು ಬೇರೆ ಬೇರೆ.

5. ತಪ್ಪು ಫೋಲ್ಡರ್‌ನಲ್ಲಿ ನಿಂತಿರುವುದು: ‘ಪಿಡಬ್ಲ್ಯುಡಿ’ ಕಮಾಂಡ್ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಅಲ್ಲಿ ಏನೇನಿದೆ ಎಂದು ‘ಎಲ್‌ಎಸ್’ ತೋರಿಸುತ್ತದೆ.

ಕೆಲವೊಮ್ಮೆ ಫೈಲ್ ನಿಜವಾಗಿಯೂ ಇರುವುದಿಲ್ಲ. ಎರರ್‌ನಲ್ಲಿ ‘.ಎಚ್’ ಎಂದು ಕೊನೆಯಾಗುವ ಹೆಸರಿದ್ದರೆ, ಬೇಕಾದ ಲೈಬ್ರರಿ ಇನ್‌ಸ್ಟಾಲ್ ಆಗಿಲ್ಲದಿರಬಹುದು. ಅದನ್ನು ಹಾಕಿಕೊಂಡರೆ ಸಾಕು.

ರೂಟ್ ಮಾಡಿದರೆ ಏನು ನಷ್ಟ?

ರೂಟ್ ಮಾಡಲು ಸಾಮಾನ್ಯವಾಗಿ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಆಗ ಫೋನಿನಲ್ಲಿರುವ ಫೋಟೊ, ಫೈಲ್‌ಗಳು ಅಳಿಸಿಹೋಗುತ್ತವೆ. ರೂಟ್ ಆದ ಫೋನಿನಲ್ಲಿ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಇಷ್ಟೆಲ್ಲಾ ಕಳೆದುಕೊಂಡ ಮೇಲೂ ತಪ್ಪು ಪಾತ್ ತಪ್ಪಾಗಿಯೇ ಉಳಿಯುತ್ತದೆ.

ಎರರ್ ಬಂದಾಗ ಕೊನೆಯ ಸಾಲಿಗೆ ಗಾಬರಿಯಾಗಬೇಡಿ. ಮೇಲೆ ಸ್ಕ್ರಾಲ್ ಮಾಡಿ, ಮೊದಲ ಎರರ್ ಹುಡುಕಿ, ಅದರಲ್ಲಿರುವ ಪಾತನ್ನು ಅಕ್ಷರಕ್ಷರ ಓದಿ. ಆ ವಿಳಾಸದಲ್ಲಿ ಫೈಲ್ ಇದೆಯೇ ಎಂದು ನೋಡಿ. ಗ್ರೂಪ್‌ಗೆ ಕಳಿಸಬೇಕಾದ ಸಲಹೆ ಇದು.