ನಿಮಗಿದು ಗೊತ್ತೆ? ಪುಟ್ಟ ಪೆಟ್ಟಿಗೆಯ ದೊಡ್ಡ ಬೆಲೆ

ಸಂಗೀತವನ್ನು ಇಂಪುಗೊಳಿಸಿ ಕೇಳಿಸುವುದು ಮನೆಯ ಸ್ಪೀಕರಿನ ಧರ್ಮವಾದರೆ, ಧ್ವನಿಮುದ್ರಣದಲ್ಲಿ ಅಡಗಿದ ದೋಷವನ್ನು ದಾಕ್ಷಿಣ್ಯವಿಲ್ಲದೆ ಬಯಲಿಗೆಳೆಯುವುದು ಸ್ಟುಡಿಯೋ ಮಾನಿಟರಿನ ಧರ್ಮ. ಬ್ರಿಟನ್ನಿನ ಬಿಬಿಸಿ ಸಂಸ್ಥೆಯ ತಂತ್ರಜ್ಞರು 1970ರ ದಶಕದಲ್ಲಿ, ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ಕುಳಿತು ಕೆಲಸಮಾಡುವವರಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಮಾನಿಟರು, ಎತ್ತರದಲ್ಲಿ ಸುಮಾರು 30 ಸೆಂಟಿಮೀಟರಿನಷ್ಟೇ ಇದ್ದರೂ, ಈ ವಿದ್ಯೆಯಲ್ಲಿ ಇಂದಿಗೂ ಉದಾಹರಿಸಲ್ಪಡುವ ಕೃತಿಯಾಗಿದೆ.

ಪೆಟ್ಟಿಗೆಯ ಗೋಡೆ ದಪ್ಪವಾದಷ್ಟೂ ಉತ್ತಮವೆಂಬ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಬಿಬಿಸಿಯವರು ತೆಳುವಾದ ಬರ್ಚ್ ಪ್ಲೈವುಡ್ಡನ್ನು ಬಳಸಿ, ಅದರ ಒಳಮೈಗೆ ಕಂಪನವನ್ನು ಹೀರುವ ಪದಾರ್ಥವನ್ನು ಅಂಟಿಸಿ, ಪೆಟ್ಟಿಗೆಯ ಅನುರಣನವು ಮನುಷ್ಯಕಂಠದ ಸ್ವರವನ್ನು ಕಲುಷಿತಗೊಳಿಸದಂತೆ ಮಾಡಿದರು. ಕೆಇಎಫ್ ಸಂಸ್ಥೆಯಿಂದ ಬರುತ್ತಿದ್ದ ಧ್ವನಿಘಟಕಗಳು, ಅಂದರೆ ಮಂದ್ರ-ಮಧ್ಯಗಳಿಗೆ ಒಂದು ಮತ್ತು ತಾರಕ್ಕೆ ಇನ್ನೊಂದು, ಒಂದರಂತೆ ಒಂದಿರದೆ ಕಿಂಚಿತ್ ವ್ಯತ್ಯಾಸ ತೋರುತ್ತಿದ್ದುದರಿಂದ, ನಾದವನ್ನು ಅವೆರಡಕ್ಕೂ ಹಂಚಿಕೊಡುವ ಕ್ರಾಸ್‌ಓವರನ್ನು ಒಂದೊಂದು ಪೆಟ್ಟಿಗೆಗೂ ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತಿದ್ದಿತು. ಬೆಲೆಯೇರುವುದಕ್ಕೆ ಈ ಹೊಂದಾಣಿಕೆಯ ಶ್ರಮವೂ ಬಿಡಿಭಾಗಗಳ ಕಟ್ಟುನಿಟ್ಟಿನ ಆಯ್ಕೆಯೂ ಕಾರಣ. ಅದರ ಮೇಲೆ, ತಯಾರಿಸಿ ಮಾರುತ್ತಿದ್ದ ರೋಜರ್ಸ್, ಸ್ಪೆಂಡರ್ ಮೊದಲಾದ ಕಂಪನಿಗಳು ಬಿಬಿಸಿಗೆ ತೆರಬೇಕಾದ ಪರವಾನಗಿ ಶುಲ್ಕ.

ಗಂಭೀರವಾದ ಮಂದ್ರನಾದ ಇದರಿಂದ ಹೊರಡದು. ಆ ಕೊರತೆಯನ್ನು ಮರೆಸಲೆಂದು ಮಂದ್ರದ ಮೇಲಂಚನ್ನು ತುಸು ಉಬ್ಬಿಸಿರುವುದನ್ನು ನೋಡಿದರೆ, ನಿಷ್ಪಕ್ಷಪಾತಿಯೆಂದು ಹೆಸರಾದ ಈ ಯಂತ್ರವೂ ಅಲ್ಪಸ್ವಲ್ಪ ಮುಖಸ್ತುತಿಯನ್ನು ಬಲ್ಲದೆನ್ನಬೇಕು. ಆದರೂ ಅರ್ಧ ಶತಮಾನದ ಬಳಿಕ, ಬಿಬಿಸಿಯ ಪರವಾನಗಿಯೊಡನೆಯೇ, ಇಂಗ್ಲೆಂಡಿನ ಫಾಲ್ಕನ್ ಸಂಸ್ಥೆ ಇದನ್ನು ತಯಾರಿಸುತ್ತಲಿದೆ.