ಹಳೆಯ ವಿಮಾನ: ಹಾರಬೇಕೆ, ಇದ್ದಂತೆಯೇ ಇರಬೇಕೆ?

ಹಾಸನ ಜಿಲ್ಲೆಯವರಿಗೆ ‘ವಿಮಾನ’ ಎಂಬ ಮಾತು ಎರಡು ಅರ್ಥದಲ್ಲಿ ಪರಿಚಿತ. ಒಂದು, ಆಕಾಶದಲ್ಲಿ ಹಾರುವ ಯಂತ್ರ. ಇನ್ನೊಂದು, ದೇವಾಲಯದ ಗರ್ಭಗುಡಿಯ ಮೇಲೆ ಏಳುವ ಶಿಖರ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಇಂದು ಆ ಶಿಖರವಿಲ್ಲ. ಕೆಳಗಿನ ಗೋಡೆಗಳ ಮೇಲಿನ ಭಾರ ಇಳಿಸುವ ಸಲುವಾಗಿ 19ನೆಯ ಶತಮಾನದಲ್ಲಿ ಅದನ್ನು ತೆಗೆಯಲಾಯಿತು. ಮೂಲರೂಪ ಹೋಯಿತು, ಗುಡಿ ಉಳಿಯಿತು. ಹಳೆಯದನ್ನು ಉಳಿಸಿಕೊಳ್ಳಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಆಯ್ಕೆ ಇದು.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ದೇಶಕ್ಕೊಬ್ಬ ಪ್ರಧಾನಿಯನ್ನು ಕೊಟ್ಟ ಊರು. ಆ ಸೀಮೆಯ ಹಳ್ಳಿಗಳಲ್ಲಿ ತೊಟ್ಟಿಮನೆ ದುರಸ್ತಿಯಾಗುವಾಗಲೂ ಇದೇ ಚರ್ಚೆ. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದರೆ ಅದು ಅಜ್ಜನ ಮನೆಯೇ ಹೌದೆ? ಗೆದ್ದಲು ಹಿಡಿದ ತೊಲೆಯ ಜಾಗಕ್ಕೆ ಕಬ್ಬಿಣದ ತೊಲೆ ಕೊಟ್ಟರೆ? ಮನೆಯ ವಿಷಯದಲ್ಲಿ ತಪ್ಪು ನಿರ್ಧಾರವಾದರೆ ಮಾಡು ಸೋರೀತು. ಹಳೆಯ ಪುಟ್ಟ ವಿಮಾನದ ವಿಷಯದಲ್ಲಿ ಹಾಗಲ್ಲ. ಅಲ್ಲಿ ತಪ್ಪಿದರೆ ಒಳಗೆ ಕೂತವರ ಪ್ರಾಣ ಹೋಗಬಹುದು. ಹೆದರಿ ಸುಮ್ಮನಿದ್ದರೆ ವಿಮಾನವೇ ತುಕ್ಕಾಗಿ ಹೋಗಬಹುದು.

ಬೆಂಗಳೂರಿನ ಹಕ್ಕಿಗಳು

ಈ ಪ್ರಶ್ನೆ ಕನ್ನಡಿಗರಿಗೆ ದೂರದ್ದೇನಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ಜೋಡಣೆಯಾಯಿತು. ಡಾ. ವಿ.ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ವಾಯುಪಡೆಯ ಹೊಸ ಪೈಲಟ್‌ಗಳಿಗೆ ಅಲ್ಲಿಯವರೆಗೆ ಪಾಠ ಹೇಳುತ್ತಿದ್ದ ಬ್ರಿಟನ್ನಿನ ಟೈಗರ್ ಮಾತ್ ಕ್ರಮೇಣ ಅದಕ್ಕೆ ಜಾಗ ಬಿಟ್ಟುಕೊಟ್ಟಿತು.

1958ರ ಸೆಪ್ಟೆಂಬರ್‌ನಲ್ಲಿ ಹಾರಿದ್ದು ಪುಷ್ಪಕ್. ಹೆಸರು ರಾಮಾಯಣದ್ದು, ಮೈಕಟ್ಟು ಅಮೆರಿಕದ ಏರೋಂಕಾ ಚೀಫ್ ವಿಮಾನದ ಜಾಡಿನದು. ತಲೆಯ ಮೇಲೆ ರೆಕ್ಕೆ, ಪಕ್ಕಪಕ್ಕದಲ್ಲಿ ಇಬ್ಬರಿಗೆ ಸೀಟು, ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಒಂದು ಇಡೀ ತಲೆಮಾರಿನ ಪೈಲಟ್‌ಗಳು ಹಾರಲು ಕಲಿತದ್ದು ಇದರಲ್ಲೇ.

ಇಂಥ ವಿಮಾನವೊಂದು ಹ್ಯಾಂಗರಿನ ಮೂಲೆಯಲ್ಲಿ ದೂಳು ಹಿಡಿದು ನಿಂತಿದೆ, ಅದನ್ನು ಮತ್ತೆ ಹಾರಿಸಬೇಕು ಎಂದಿಟ್ಟುಕೊಳ್ಳಿ. ಏನೇನು ಬದಲಾಯಿಸಬೇಕು? ಏನನ್ನು ಮುಟ್ಟಕೂಡದು?

ಬಟ್ಟೆಯಿಂದಲೇ ಶುರು

ಇಂದಿನ ವಿಮಾನ ನೋಡಿದವರಿಗೆ ಅಚ್ಚರಿಯಾಗಬಹುದು, ಪುಷ್ಪಕ್‌ನಂಥ ವಿಮಾನದ ಮೈ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಎಳೆದು ಕಟ್ಟಿದ ಬಟ್ಟೆ. ಹಿಂದೆ ಹತ್ತಿ ಅಥವಾ ನಾರಿನ ಬಟ್ಟೆ ಹೊದಿಸಿ, ‘ಡೋಪ್’ ಎಂಬ ಅಂಟುದ್ರವವನ್ನು ಪದರಪದರವಾಗಿ ಬಳಿಯುತ್ತಿದ್ದರು. ಅದು ಒಣಗುತ್ತ ಬಟ್ಟೆಯನ್ನು ಮದ್ದಳೆಯ ಚರ್ಮದಂತೆ ಬಿಗಿಗೊಳಿಸುತ್ತಿತ್ತು. ಆದರೆ ಬಿಸಿಲು, ತೇವಕ್ಕೆ ಹತ್ತಿಯ ಬಟ್ಟೆ ಕೆಲವೇ ವರ್ಷಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ನೈಟ್ರೇಟ್ ಡೋಪ್‌ಗೆ ಬೆಂಕಿ ತಗುಲಿದರಂತೂ ನಂದಿಸುವುದೇ ಕಷ್ಟ.

ಈಗ ಬಹುತೇಕ ಕಡೆ ಪಾಲಿಯೆಸ್ಟರ್ ಬಟ್ಟೆ ಹೊದಿಸುತ್ತಾರೆ. ಇದನ್ನು ಬಿಗಿಗೊಳಿಸಲು ಇಸ್ತ್ರಿಪೆಟ್ಟಿಗೆಯ ಶಾಖ ಸಾಕು. ಬಾಳಿಕೆಯೂ ಹೆಚ್ಚು. ಆದರೆ ಶಾಖ ಅತಿಯಾದರೆ ಬಟ್ಟೆ ಎಷ್ಟು ಬಿಗಿಯುತ್ತದೆಂದರೆ ಕೆಳಗಿನ ತೆಳುವಾದ ಪಟ್ಟಿಗಳೇ ಸೊಟ್ಟಗಾಗುತ್ತವೆ. ಹೊಸ ಸಾಮಗ್ರಿಗೆ ಹೊಸ ಕೈಚಳಕ ಬೇಕು.

ಹೊದಿಕೆ ಬದಲಾದರೆ ಮೂಲತನ ಹೋಯಿತು ಎನ್ನುವವರು ಒಂದು ಸಂಗತಿ ಗಮನಿಸಬೇಕು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸ್ವತ್ತು. ಅದರ ಮೈಮೇಲಿರುವುದು 1903ರ ಬಟ್ಟೆಯಲ್ಲ. 1927ರಲ್ಲಿ ಸ್ವತಃ ಆರ್ವಿಲ್ ರೈಟ್ ಹೊಸ ಬಟ್ಟೆ ಹೊದಿಸಿದರು; 1985ರಲ್ಲಿ ಮತ್ತೊಮ್ಮೆ ಬದಲಾಯಿಸಲಾಯಿತು. ಆದರೂ ಅದು ರೈಟ್ ಸಹೋದರರ ವಿಮಾನವಲ್ಲ ಎಂದು ಯಾರೂ ಹೇಳುವುದಿಲ್ಲ. ಬಟ್ಟೆ ಸವೆಯುವ ವಸ್ತು. ರಥದ ಹಗ್ಗ ಹೊಸದಾದ ಮಾತ್ರಕ್ಕೆ ರಥ ಬೇರೆಯಾಗುವುದಿಲ್ಲವಲ್ಲ!

ಬಟ್ಟೆ ಬಿಚ್ಚುವುದರಿಂದ ಇನ್ನೊಂದು ಲಾಭವೂ ಉಂಟು. ಬಾಲದ ಕಡೆಯ ಕೆಳಗಿನ ಕೊಳವೆಗಳಲ್ಲಿ ನೀರು ನಿಂತು ಒಳಗಿಂದೊಳಗೇ ತುಕ್ಕು ಹಿಡಿಯುವುದು ಇಂಥ ವಿಮಾನಗಳ ಹಳೆಯ ಕಾಯಿಲೆ. ಹೊರಗಿನ ಬಣ್ಣ ಥಳಥಳಿಸುತ್ತಿದ್ದರೂ ಒಳಗಿನ ಉಕ್ಕು ಬೆರಳಲ್ಲಿ ಒತ್ತಿದರೆ ಕುಸಿಯುವಂತಿರಬಹುದು. ಮೂಲ ಹೊದಿಕೆಯನ್ನು ಮುಟ್ಟುವುದಿಲ್ಲ ಎಂಬ ಹಟ ಇಲ್ಲಿ ಅಪಾಯಕಾರಿ.

ಎಂಜಿನ್ ಎಂಬ ಕಗ್ಗಂಟು

ಬಟ್ಟೆಗಿಂತ ಕಠಿಣವಾದ ಪ್ರಶ್ನೆ ಎಂಜಿನಿನದು. ಎಚ್‌ಟಿ-2ಕ್ಕೆ ಇದ್ದದ್ದು ಬ್ರಿಟನ್ನಿನ ಸಿರಸ್ ಮೇಜರ್ ಎಂಜಿನ್. ಅದರ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಹಳೆಯ ಎಂಜಿನನ್ನೇ ಬಿಚ್ಚಬೇಕು. ಎಚ್‌ಟಿ-2ಕ್ಕೆ ಅಮೆರಿಕದ ಲೈಕಮಿಂಗ್ ಎಂಜಿನ್ ಕೂರಿಸಿ ನೋಡಿದ್ದೂ ಉಂಟು. ಹಾಗೆ ಮಾಡಿದಾಗ ಬಿಡಿಭಾಗದ ಚಿಂತೆ ಕಳೆಯುತ್ತದೆ, ಆದರೆ ಮೂತಿಯ ಆಕಾರ ಬದಲಾಗುತ್ತದೆ, ಸದ್ದು ಬದಲಾಗುತ್ತದೆ. ಹಳೆಯ ಪೈಲಟ್‌ಗಳು ಕಣ್ಣುಮುಚ್ಚಿ ಗುರುತಿಸುತ್ತಿದ್ದ ದನಿ ಇರುವುದಿಲ್ಲ.

ಪುಷ್ಪಕ್‌ನ ಸಿ-90 ಎಂಜಿನ್ ವಿಷಯದಲ್ಲಿ ದಾರಿ ಸ್ವಲ್ಪ ಸಲೀಸು. ಅದೇ ವಂಶದ ಒ-200 ಎಂಬ 100 ಅಶ್ವಶಕ್ತಿಯ ಎಂಜಿನ್ ಸೆಸ್ನಾ 150 ವಿಮಾನದಿಂದಾಗಿ ಜಗತ್ತಿನೆಲ್ಲೆಡೆ ಹರಡಿದೆ. 90ರ ಬದಲು 100 ಎಂದರೆ ಲಾಭವೇ ಅಲ್ಲವೆ? ಅಷ್ಟು ಸರಳವಲ್ಲ. ಒ-200 ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 2750 ಸುತ್ತು ತಿರುಗಿದಾಗ. ಸಿ-90ಗೆ 2475 ಸುತ್ತು ಸಾಕು. ನಿಧಾನಕ್ಕೆ ತಿರುಗುವ ಎಂಜಿನ್ ಹೆಚ್ಚು ಗಾಳಿ ಹಿಡಿಯುವ ಪ್ರೊಪೆಲ್ಲರನ್ನು ಎಳೆಯಬಲ್ಲದು. ಹೀಗಾಗಿ ನೆಲ ಬಿಟ್ಟೇಳುವಾಗ ಹಳೆಯ ಎಂಜಿನೇ ಮೇಲು ಎನ್ನುವವರು ಬಹಳ. ಹೊಸದೆಲ್ಲ ಸುಧಾರಣೆಯಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಪೆಟ್ರೋಲಿನಲ್ಲೂ ಮೂಲತನ ಉಳಿದಿಲ್ಲ. ಸಿ-90 ತಯಾರಾದದ್ದು 80 ಆಕ್ಟೇನಿನ, ಕಡಿಮೆ ಸೀಸದ ವಿಮಾನ ಪೆಟ್ರೋಲಿಗೆ. ಈಗ ಸಿಗುವ 100 ಎಲ್‌ಎಲ್ ಇಂಧನದಲ್ಲಿ ಸೀಸದ ಪ್ರಮಾಣ ಅದಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು. ಪರಿಣಾಮ, ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸದ ಕಿಟ್ಟ ಕಟ್ಟುತ್ತದೆ. ಭಾರತಕ್ಕೆ ಈ ಪೆಟ್ರೋಲು ಹೊರದೇಶದಿಂದಲೇ ಬರಬೇಕಿತ್ತು. ಇಂಡಿಯನ್ ಆಯಿಲ್ ತನ್ನ ಸ್ವದೇಶಿ ಉತ್ಪನ್ನವನ್ನು ಬಿಡುಗಡೆ ಮಾಡಿದ್ದು 2022ರಲ್ಲಿ. ಎಷ್ಟೇ ಶ್ರದ್ಧೆಯಿಂದ ಹಳೆಯ ಎಂಜಿನ್ ಉಳಿಸಿಕೊಂಡರೂ ಅದು ಕುಡಿಯುವುದು ಇಂದಿನ ಪೆಟ್ರೋಲನ್ನೇ.

ಕಿಲೋ ಲೆಕ್ಕ

ಇನ್ನು ಅನುಕೂಲಗಳ ಪಟ್ಟಿ. ಹಳೆಯ ಎಷ್ಟೋ ಪುಟ್ಟ ವಿಮಾನಗಳಲ್ಲಿ ಬ್ಯಾಟರಿಯೇ ಇರುತ್ತಿರಲಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುವಿ ಎಂಜಿನ್ ಹೊಡೆಯಬೇಕಿತ್ತು. ಕಿಡಿ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿಯ ಹಂಗಿಲ್ಲ. ಆದರೆ ರೇಡಿಯೊಗೆ ವಿದ್ಯುತ್ ಬೇಕು. ನೆಲದ ರೇಡಾರಿಗೆ ತನ್ನ ಗುರುತು ಹೇಳುವ ಟ್ರಾನ್ಸ್‌ಪಾಂಡರಿಗೂ ಬೇಕು. ದಟ್ಟಣೆಯ ಆಕಾಶದಲ್ಲಿ ಇವಿಲ್ಲದೆ ಹಾರುವುದು, ದೀಪವಿಲ್ಲದ ಎತ್ತಿನಗಾಡಿಯನ್ನು ರಾತ್ರಿ ಹೆದ್ದಾರಿಗೆ ಇಳಿಸಿದಂತೆ.

ಹಾಗೆಂದು ಸ್ಟಾರ್ಟರ್, ಬ್ಯಾಟರಿ, ಆಲ್ಟರ್ನೇಟರ್ ಎಲ್ಲವನ್ನೂ ತುಂಬಿದರೆ? 90 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಅಂದಾಜು 20 ಲೀಟರ್ ಪೆಟ್ರೋಲು ಕುಡಿಯುತ್ತದೆ. ಅದರ ತೂಕ ಹದಿನಾಲ್ಕು, ಹದಿನೈದು ಕಿಲೋ. ಎಂದರೆ ಹದಿನೈದು ಕಿಲೋ ಸಲಕರಣೆ ಹೇರಿದರೆ, ತೂಕದ ಮಿತಿಯೊಳಗಿರಲು ಒಂದು ಗಂಟೆಯ ಹಾರಾಟವನ್ನು ಬಿಟ್ಟುಕೊಡಬೇಕಾಗಬಹುದು. ಬೆಂಗಳೂರು, ಹಾಸನಗಳು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿವೆ. ಬೇಸಿಗೆಯ ಮಧ್ಯಾಹ್ನ ಗಾಳಿ ಇನ್ನಷ್ಟು ತೆಳುವಾಗಿ ಎಂಜಿನ್ನಿನ ಶಕ್ತಿಯೂ ರೆಕ್ಕೆಯ ಬಲವೂ ಕುಗ್ಗುತ್ತವೆ. ಇಲ್ಲಿ ಪ್ರತಿ ಕಿಲೋಗೂ ಬೆಲೆ ತೆರಬೇಕು.

ಬ್ರೇಕಿನ ಕತೆಯೂ ಸ್ವಾರಸ್ಯಕರ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್‌ಗೆ ಬ್ರೇಕ್ ಇರಲಿಲ್ಲ. ಬಾಲದಡಿ ಚಕ್ರದ ಬದಲು ಒಂದು ಊರೆ. ಅದು ಹುಲ್ಲುನೆಲವನ್ನು ಗೀರುತ್ತ ವೇಗ ತಗ್ಗಿಸುತ್ತಿತ್ತು. ಇಂದಿನ ಡಾಂಬರು, ಕಾಂಕ್ರೀಟಿನ ರನ್‌ವೇಯಲ್ಲಿ ಆ ಊರೆ ಜಾರುತ್ತದೆ, ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಬಾಲಚಕ್ರ, ಬ್ರೇಕು ಹಾಕಿದರೆ ಮೂಲಕ್ಕೆ ದ್ರೋಹವೆ? ಕೆನಡಾದಲ್ಲಿ ತಯಾರಾದ ಟೈಗರ್ ಮಾತ್‌ಗಳಿಗೆ ಕಾರ್ಖಾನೆಯಲ್ಲೇ ಬ್ರೇಕು, ಬಾಲಚಕ್ರ ಎರಡೂ ಇದ್ದವು. ಯಾವುದು ಮೂಲ ಎಂಬುದೇ ಇಲ್ಲಿ ಒಂದು ಪ್ರಶ್ನೆ. ಕಾರ್ಖಾನೆ ಬಿಟ್ಟ ದಿನದ ರೂಪವೆ? ದುಡಿದ ಕಾಲದಲ್ಲಿ ತಿದ್ದುಪಡಿಯಾಗುತ್ತ ಬಂದ ರೂಪವೆ?

ಸಂಖ್ಯೆ ಹಳೆಯದು, ವಿಮಾನ ಬೇರೆ

ನಮ್ಮ ವಾಯುಪಡೆ ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಕಂಡುಕೊಂಡಿದೆ. ಬ್ರಿಟನ್ನಿನಲ್ಲಿ ದುರಸ್ತಿಗೊಂಡ ಟೈಗರ್ ಮಾತ್ ಒಂದು 2012ರ ವಾಯುಪಡೆ ದಿನದಂದು ಹಿಂಡನ್‌ನಲ್ಲಿ ಮತ್ತೆ ಹಾರಿತು. 2018ರಲ್ಲಿ ಬಂದದ್ದು ‘ಪರಶುರಾಮ’ ಹೆಸರಿನ ಡಕೋಟಾ. ಇದು ಪುಟ್ಟ ವಿಮಾನವಲ್ಲವಾದರೂ ಇಲ್ಲಿ ನೆನೆಯಬೇಕಾದದ್ದು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಅದನ್ನು ಕೊಡುಗೆಯಾಗಿ ಕೊಟ್ಟರು. ಅವರ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಪೈಲಟ್ ಆಗಿದ್ದವರು. ವಿಮಾನ ಬ್ರಿಟನ್ನಿನಿಂದ ಸ್ವತಃ ಹಾರಿಕೊಂಡು ಭಾರತಕ್ಕೆ ಬಂತು. ಅಷ್ಟು ದೂರದ ಪಯಣಕ್ಕಾಗಿ ಅದರ ದಿಕ್ಸೂಚಿ ಸಲಕರಣೆಗಳನ್ನು ಹೊಸದಾಗಿಸಲಾಗಿತ್ತು.

ಅದರ ಬಾಲದ ಮೇಲಿರುವ ಸಂಖ್ಯೆ ವಿಪಿ 905. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿಳಿದ ಡಕೋಟಾದ ಸಂಖ್ಯೆ ಅದು. ಈ ವಿಮಾನ ಆ ವಿಮಾನವಲ್ಲ. ಆದರೂ ಆ ಸಂಖ್ಯೆ ನೋಡಿದಾಗ ನೆನಪಾಗುವುದು ಆ ದಿನವೇ. ಮೂಲತನ ಲೋಹದಲ್ಲಿ ಮಾತ್ರ ಇರುವುದಿಲ್ಲ, ನೆನಪಿನಲ್ಲೂ ಇರುತ್ತದೆ. ಆದರೆ ನೋಡುವವನಿಗೆ ಸತ್ಯ ಗೊತ್ತಿರಬೇಕು. ‘ಇದು ಅದೇ’ ಎಂಬುದಕ್ಕೂ ‘ಇದು ಅದರ ನೆನಪಿಗೆ’ ಎಂಬುದಕ್ಕೂ ಅಂತರವಿದೆ.

ಮಧ್ಯದ ದಾರಿ

ಹಾಗಾದರೆ ಸರಿ ಯಾವುದು? ವಿಮಾನ ಇನ್ನು ಹಾರುವುದಿಲ್ಲ, ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂಥ ಕಡೆ ನಿಲ್ಲುತ್ತದೆ ಎಂದಾದರೆ ಹಳೆಯ ಬೋಲ್ಟು, ಮಾಸಿದ ಬಣ್ಣ, ಗೀರು ಬಿದ್ದ ಗಾಜು ಎಲ್ಲವನ್ನೂ ಆದಷ್ಟು ಹಾಗೆಯೇ ಬಿಡುವುದು ಮೇಲು. ಅವು ದಾಖಲೆಗಳು. ಮುಂದೊಂದು ದಿನ ಹೇಗೆ ಕಟ್ಟಿದ್ದರು ಎಂದು ಕೇಳುವವರಿಗೆ ಉತ್ತರ ಹೇಳುವವು ಅವೇ.

ಹಾರಬೇಕೆಂದಾದರೆ ಲೆಕ್ಕ ಬೇರೆ. ಭುಜದ ಮೇಲಿನ ಸೀಟ್‌ಬೆಲ್ಟ್, ಬ್ರೇಕು, ರೇಡಿಯೊ, ಗಟ್ಟಿ ಬಟ್ಟೆ, ಇಂಧನದ ಹೊಸ ಕೊಳವೆ ಇವು ಪ್ರಾಣಕ್ಕೆ ಸಂಬಂಧಿಸಿದವು. ಇಲ್ಲಿ ಹಳಮೆಯ ಮೋಹ ಸಲ್ಲದು. ಸ್ಟಾರ್ಟರ್, ಹೊಳೆಯುವ ಪರದೆಗಳು, ಮೆತ್ತನೆಯ ಸೀಟು ಇವು ಸುಖಕ್ಕೆ ಸಂಬಂಧಿಸಿದವು. ಇವುಗಳಿಗೆ ಬೇಡ ಎನ್ನುವ ಧೈರ್ಯ ಬೇಕು. ಯಾವ ಬದಲಾವಣೆಗೂ ವಿಮಾನಯಾನ ಅಧಿಕಾರಿಗಳ ಒಪ್ಪಿಗೆ ಅಗತ್ಯ ಎಂಬುದನ್ನಂತೂ ಮರೆಯುವಂತಿಲ್ಲ.

ಇದರ ಜೊತೆ ಒಂದು ಶಿಸ್ತು. ಮಾಡುವ ಬದಲಾವಣೆ ಮುಂದೆ ಬಿಚ್ಚಿ ತೆಗೆಯುವಂತಿರಲಿ. ಹೊಸ ರೇಡಿಯೊಗಾಗಿ ಹಳೆಯ ಫಲಕವನ್ನು ಕೊರೆಯುವ ಬದಲು ಅದನ್ನು ಬಿಚ್ಚಿಟ್ಟು ಬೇರೊಂದನ್ನು ಕೂರಿಸಲಿ. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಲಿ. ಏನನ್ನು, ಎಂದು, ಏಕೆ ಬದಲಾಯಿಸಿದೆವು ಎಂದು ಲಾಗ್‌ಬುಕ್ಕಿನಲ್ಲಿ ಬರೆಯಲಿ. ಹಾಗೆ ಮಾಡಿದರೆ ಇಂದಿನವರ ನಿರ್ಧಾರ ತಪ್ಪೆನಿಸಿದರೂ ನಾಳಿನವರು ಅದನ್ನು ತಿದ್ದಬಹುದು.

ಅವಸರವೂ ಇದೆ. ಎಚ್‌ಟಿ-2, ಪುಷ್ಪಕ್‌ಗಳ ಬಟ್ಟೆ ಹೊಲಿದವರು, ಕೊಳವೆ ಬೆಸೆದವರು, ಎಂಜಿನ್ ಬಿಚ್ಚಿ ಜೋಡಿಸಿದವರು ಈಗ ಮುಪ್ಪಿನಲ್ಲಿದ್ದಾರೆ, ಹಲವರು ಇಲ್ಲವಾಗಿದ್ದಾರೆ. ಬಿಡಿಭಾಗವನ್ನು ಹೇಗೋ ಹುಡುಕಿ ತರಬಹುದು, ಇಲ್ಲವೇ ಹೊಸದಾಗಿ ಮಾಡಿಸಬಹುದು. ಅವರ ಕೈಯಲ್ಲಿದ್ದ ಕೆಲಸವನ್ನು ಕೇಳಿ ಬರೆದಿಟ್ಟುಕೊಳ್ಳದಿದ್ದರೆ, ಅದಕ್ಕೆ ಬದಲಿ ಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.