ಮದುವೆ ಫೋಟೊ ತೋರಿಸುವಾಗ ಯಾವ ಹಾಡು ಹಾಕ್ಬೇಕು? ಸ್ಟುಡಿಯೊದವರು, ಗ್ರಾಹಕರು ತಿಳಿದಿರಬೇಕಾದ ವಿಷಯ

ಮದುವೆ ಮುಗಿದು ತಿಂಗಳಾಗಿದೆ. ಆಲ್ಬಂಗೆ ಫೋಟೊ ಆರಿಸೋಕೆ ಹೆಣ್ಣಿನ ಕಡೆಯವರು ಸ್ಟುಡಿಯೊಗೆ ಬಂದು ಕೂತಿದ್ದಾರೆ. ಟಿವಿಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರದ ಚಿತ್ರ, ಅಪ್ಪ ಟವಲ್‌ನಲ್ಲಿ ಕಣ್ಣು ಒರೆಸಿಕೊಳ್ತಿದ್ದಾರೆ. ಹಿಂದೆ ಮಾತ್ರ ಗಣೇಶನ ಮೆರವಣಿಗೆಯ ಡಿಜೆ ಹಾಡು! ಫೋಟೊ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಕೆಟ್ಟಿತು.

ತಾಲ್ಲೂಕು ಮಟ್ಟದ ಸ್ಟುಡಿಯೊಗಳಲ್ಲಿ ಹಾಡು ಸೇರಿಸುವುದು ಕೊನೇ ಗಳಿಗೆಯ ಕೆಲಸ. ಎಡಿಟಿಂಗ್ ಮುಗಿಸಿ, ಮೊಬೈಲ್‌ನಲ್ಲಿ ಆ ವಾರ ಓಡ್ತಿರುವ ಹಾಡು ಇಳಿಸಿ, ಅಂಟಿಸಿ ಕೊಟ್ಟರೆ ಆಯ್ತು. ಎಷ್ಟೋ ಬಾರಿ ರಾಗ ಮಾತ್ರ ಕೇಳಿರ್ತಾರೆ, ಸಾಹಿತ್ಯ ನೋಡಿರಲ್ಲ. ಪ್ರೀತಿ ಮುರಿದ ಹಾಡು ಆರತಕ್ಷತೆಗೆ ಬಂದು ಕೂತ ಉದಾಹರಣೆಗಳಿಗೆ ಬರವಿಲ್ಲ. ಹಾಡಿನ ಮಾತು ಕೇಳ್ತಾ ಕೂತವರು ಮುಖಗಳನ್ನು ಸರಿಯಾಗಿ ನೋಡುವುದೂ ಇಲ್ಲ. ಅದಕ್ಕೇ ಮಾತಿಲ್ಲದ ವಾದ್ಯ ಸಂಗೀತ ಹೆಚ್ಚು ಹೊಂದುತ್ತದೆ. ಚಪ್ಪರ, ಧಾರೆಗೆ ನಾಗಸ್ವರ. ಹೆಣ್ಣು ಒಪ್ಪಿಸುವಾಗ ಕೊಳಲೋ ವೀಣೆಯೋ. ಗೆಳೆಯರ ಗುಂಪಿನ ಫೋಟೊಗೆ ಸ್ವಲ್ಪ ಲವಲವಿಕೆಯದು.

ಲೆಕ್ಕವೂ ಇದೆ. ಒಂದು ಫೋಟೊಗೆ 4 ಸೆಕೆಂಡ್ ಅಂದರೆ 60 ಫೋಟೊಗೆ 240 ಸೆಕೆಂಡ್, ಸರಿಯಾಗಿ 4 ನಿಮಿಷ. ನಿಮಿಷಕ್ಕೆ 60 ತಾಳ ಬೀಳುವ ಸಂಗೀತವಾದರೆ ಪ್ರತಿ ನಾಲ್ಕನೇ ತಾಳಕ್ಕೆ ಫೋಟೊ ಬದಲಾಗುತ್ತದೆ, ಕಣ್ಣಿಗೆ ಹಿತ. 300 ಫೋಟೊ ತುರುಕಿದರೆ 20 ನಿಮಿಷ ಆಗುತ್ತೆ, ಅಷ್ಟು ಹೊತ್ತು ಅಜ್ಜಿಯೂ ಕೂರಲ್ಲ. ಮೊದಲು ಹಾಡಿನ ಜೊತೆ ಪೂರ್ತಿ ತೋರಿಸಿ, ಆಮೇಲೆ ಸೌಂಡ್ ಆರಿಸಿ, ಒಂದೊಂದೇ ಫೋಟೊ ಆರಿಸೋಕೆ ಬಿಡುವುದು ಒಳ್ಳೆಯದು. ಮನೆಯವರು ಮಾತಾಡಿಕೊಂಡು ತೀರ್ಮಾನ ಮಾಡುವ ಹೊತ್ತದು, ಹಾಡು ಅಡ್ಡಿ.

ದೊಡ್ಡ ತಲೆನೋವು ಇರುವುದು ಬೇರೆ ಕಡೆ. ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿ ಲಿಂಕ್ ಕಳಿಸ್ತಾರೆ. ದುಬೈನಲ್ಲಿರುವ ಅಣ್ಣ ಒತ್ತಿದರೆ ಅಲ್ಲಿ ವಿಡಿಯೊ ತೆರೆಯುವುದೇ ಇಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತು ಹಿಡಿದಿರುತ್ತದೆ. ಹಕ್ಕುದಾರರು ಬಯಸಿದಂತೆ ವಿಡಿಯೊ ತಡೆಹಿಡಿಯಬಹುದು, ಅದೂ ಕೆಲವು ದೇಶಗಳಲ್ಲಿ ಮಾತ್ರ ತಡೆಯಬಹುದು, ಅಥವಾ ಜಾಹೀರಾತು ಹಾಕಿ ಆ ದುಡ್ಡು ತಾವು ಪಡೆಯಬಹುದು. ಇದು ಬರೀ ಕ್ಲೇಮ್. ಸ್ಟ್ರೈಕ್ ಬೇರೆ, ಅದು ಗಂಭೀರ: 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ವರ್ಷಗಳಿಂದ ಕೂಡಿಟ್ಟ ಸ್ಟುಡಿಯೊ ಕೆಲಸವೆಲ್ಲ ಅದರ ಜೊತೆಗೇ.

“ಮದುವೆಗೆ ಹಾಡು ಹಾಕಿದ್ರೆ ಕೇಸಿಲ್ಲ ಅಂತಾರಲ್ಲ?” ಅಂತ ಕೇಳುವವರಿದ್ದಾರೆ. ಅದು ಅರ್ಧ ನಿಜ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಲ್ಲಿ ಹಾಡು ನುಡಿಸುವುದು ಉಲ್ಲಂಘನೆಯಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಸ್ಪಷ್ಟಪಡಿಸಿದೆ. ಆದರೆ ಆ ವಿನಾಯಿತಿ ಛತ್ರದಲ್ಲಿ ಹಾಡು ಕೇಳಿಸುವುದಕ್ಕೆ. ಅದೇ ಹಾಡನ್ನು ವಿಡಿಯೊಗೆ ಸೇರಿಸಿ, ದುಡ್ಡು ತಗೊಂಡು ಕೊಡುವುದು, ಇಂಟರ್ನೆಟ್‌ಗೆ ಏರಿಸುವುದು ಬೇರೆಯೇ ಲೆಕ್ಕ. “ಹತ್ತು ಸೆಕೆಂಡ್ ಬಳಸಿದ್ರೆ ನಡೆಯುತ್ತೆ” ಅನ್ನೋ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೆಳಗೆ ಹಾಡಿನ ಕಂಪನಿ ಹೆಸರು ಬರೆದರೆ ಅನುಮತಿ ಸಿಕ್ಕ ಹಾಗೂ ಅಲ್ಲ.

ಹಳೇ ಹಾಡಾದರೆ? ಧ್ವನಿಮುದ್ರಣದ ಹಕ್ಕು, ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ರಾಗ ಸಂಯೋಜನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಪುರಂದರದಾಸರ ಪದಕ್ಕೆ ಈಗ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಇತ್ತೀಚೆಗೆ ಹಾಡಿ ಬಿಡುಗಡೆ ಮಾಡಿದ ಕ್ಯಾಸೆಟ್, ಸಿಡಿಗೆ ಹಕ್ಕು ಇದ್ದೇ ಇರುತ್ತದೆ. ಇದನ್ನೇ ಬಹಳ ಜನ ಮರೀತಾರೆ.

ದಾರಿ ಇಲ್ಲವೆಂದಲ್ಲ. ಯೂಟ್ಯೂಬ್ ಸ್ಟುಡಿಯೊದ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ. ಕೆಲವಕ್ಕೆ ಮಾತ್ರ ವಿವರಣೆಯಲ್ಲಿ ಕಲಾವಿದರ ಹೆಸರು ಹಾಕಬೇಕು. ಅಲ್ಲಿ ನಮ್ಮ ಕಡೆಯ ಸೊಗಡು ಕಮ್ಮಿ ಅನ್ನೋದು ನಿಜ. ಇನ್‌ಸ್ಟಾಗ್ರಾಂನಲ್ಲಿ ಅಂಗಡಿ ಹೆಸರಿನ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳೆಲ್ಲ ಸಿಗುವುದಿಲ್ಲ, ವ್ಯಾಪಾರಕ್ಕೆಂದೇ ಬಿಟ್ಟ ಸಂಗೀತವನ್ನೇ ಬಳಸಬೇಕು.

ಇದಕ್ಕಿಂತ ಚೆನ್ನಾದದ್ದು ಛತ್ರದಲ್ಲೇ ಇದೆ: ಮುಹೂರ್ತದ ಗಟ್ಟಿಮೇಳ. ಕ್ಯಾಮೆರಾದಲ್ಲಿ ಅದು ಹೇಗೂ ದಾಖಲಾಗಿರುತ್ತದೆ. ಒಂದು ಪ್ರತ್ಯೇಕ ರೆಕಾರ್ಡರ್ ಇಟ್ಟರೆ ಧ್ವನಿ ಇನ್ನೂ ಶುದ್ಧ. ನುಡಿಸಿದವರಿಗೂ ಹಕ್ಕಿದೆ, ಆದ್ದರಿಂದ ವಾಲಗದವರನ್ನು ಮೊದಲೇ ಕೇಳಿ, ಒಂದು ಚೀಟಿಯಲ್ಲಿ ಒಪ್ಪಿಗೆ ಬರೆಸಿಕೊಳ್ಳಬೇಕು. ಈಗ ವಾಲಗದವರೂ ನಡುನಡುವೆ ಸಿನಿಮಾ ಹಾಡು ನುಡಿಸ್ತಾರೆ, ಆ ಭಾಗ ಬಿಡುವುದು ಕ್ಷೇಮ.

ಗ್ರಾಹಕರು ಹಟ ಹಿಡಿದು ಸಿನಿಮಾ ಹಾಡೇ ಬೇಕು ಅಂದರೆ, ಅದು ಪೆನ್‌ಡ್ರೈವ್‌ನಲ್ಲಿದ್ದರೂ ಅನುಮತಿ ಬೇಕೇ ಬೇಕು ಎಂದು ಮುಂಗಡ ಪಡೆಯುವಾಗಲೇ ಹೇಳಬೇಕು. ವಿಡಿಯೊ ಇಂಟರ್ನೆಟ್‌ಗೆ ಹೋಗುತ್ತಾ ಅನ್ನುವುದನ್ನೂ ಕೇಳಿ, ಬಿಲ್ ಮೇಲೆ ಒಂದು ಸಾಲು ಬರೆದಿಟ್ಟರೆ ಆಮೇಲೆ ಜಗಳ ಇರುವುದಿಲ್ಲ. ಕೊಡುವ ಮುಂಚೆ ಒಮ್ಮೆ ಮಾಮೂಲಿ ಮೊಬೈಲ್‌ನಲ್ಲೂ ಹಾಕಿ ಕೇಳಬೇಕು. ಸ್ಟುಡಿಯೊದ ದೊಡ್ಡ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ತವಿಲು ಫೋನ್‌ನಲ್ಲಿ ಕೇಳಿಸುವುದೇ ಇಲ್ಲ, ಮತ್ತು ಮುಕ್ಕಾಲು ಪಾಲು ನೆಂಟರು ನೋಡುವುದು ಫೋನ್‌ನಲ್ಲೇ.